ಸುಣ್ಣಕಟ್ಟಿನ ಶಿಲೀಂಧ್ರ

ರೇಷ್ಮೆ ಸಾಕುವ ಮನೆಗಳಲ್ಲಿ ಸುಣ್ಣಕಟ್ಟು ರೋಗವೆಂದರೆ ಪ್ರಾಣಸಂಕಟ. ಹಿಪ್ಪುನೇರಳೆ ಸೊಪ್ಪನ್ನುಂಡು ಪುಷ್ಟವಾಗಿ, ಇನ್ನೇನು ಗೂಡು ಕಟ್ಟಲು ಚಂದ್ರಿಕೆಯನ್ನೇರಬೇಕಾದ ಹುಳು ಮೇವನ್ನು ತೊರೆದು, ಜಡವಾಗಿ, ಸತ್ತು, ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಸೆಟೆದುಕೊಳ್ಳುತ್ತದೆ. ಇಟಲಿಯ ಲೊಂಬಾರ್ಡಿಯ ರೇಷ್ಮೆಗಾರರನ್ನೂ ಹಿಂದೆ ಇದೇ ವ್ಯಾಧಿ ಕಂಗೆಡಿಸಿತ್ತು. ಅಲ್ಲಿಯ ಅಗೊಸ್ತಿನೊ ಬಾಸ್ಸಿ ಎಂಬ ಮಹನೀಯನು, ಕಣ್ಣಿನ ದೃಷ್ಟಿ ಕುಂದುತ್ತಿದ್ದರೂ ಕಾಲು ಶತಮಾನದಷ್ಟು ಕಾಲ ಪರೀಕ್ಷೆಗಳನ್ನು ನಡೆಸಿ, ಈ ಮರಣಕ್ಕೆ ಹವೆಯಾಗಲಿ ಮೇವಾಗಲಿ ಕಾರಣವಲ್ಲ, ಹುಳುವಿನಿಂದ ಹುಳುವಿಗೆ ಅಂಟುವ ಸಜೀವ ಶಿಲೀಂಧ್ರವೇ ಕಾರಣವೆಂದು 1835ರಲ್ಲಿ ಪ್ರಕಟಿಸಿದನು. ರೋಗಾಣುವಾದದ ಕಥೆಯನ್ನು ಪಾಶ್ಚರನಿಂದಲೇ ಆರಂಭಿಸುವವರು ಈತನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಲ್ಲವೆಂದೇ ನನ್ನ ಭಾವನೆ. ಶಿಲೀಂಧ್ರಕ್ಕಾದರೋ ಈತನ ಹೆಸರೇ ನಿಂತಿದೆ: ಬ್ಯೂವೇರಿಯಾ ಬ್ಯಾಸಿಯಾನ.

ಕೀಟಗಳಿಗೆ ರೋಗ ತರುವ ಬ್ಯಾಕ್ಟೀರಿಯಾ, ವೈರಸ್‌ಗಳು ಸಾಮಾನ್ಯವಾಗಿ ಮೇವಿನೊಡನೆ ಹೊಟ್ಟೆಯನ್ನು ಸೇರಬೇಕು. ಈ ಶಿಲೀಂಧ್ರಕ್ಕೆ ಮೈಯ ಸ್ಪರ್ಶವೇ ಸಾಕು. ಅಂಟಿಕೊಂಡ ಬೀಜಕಣವು ತೇವವೊದಗಿದೊಡನೆ ಮೊಳೆತು, ಕವಚದ ಪ್ರೋಟೀನು, ಕೈಟಿನ್‌ಗಳನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತ, ಬಲದಿಂದಲೂ ನುಗ್ಗುತ್ತ, ಒಳಗಿನ ರಕ್ತದ್ರವವನ್ನು ಹೊಕ್ಕು, ಅಲ್ಲಿ ವೃದ್ಧಿಸಿ, ಪೋಷಕಾಂಶಗಳನ್ನು ಹೀರಿ, ವಿಷವಸ್ತುಗಳನ್ನೂ ಬಿಟ್ಟು, ಕೆಲವು ದಿನಗಳಲ್ಲಿ ಕೀಟವನ್ನು ಕೊಲ್ಲುತ್ತದೆ. ಆಮೇಲೆ ಗಾಳಿಯಲ್ಲಿ ಆರ್ದ್ರತೆಯಿದ್ದರೆ ಶವವನ್ನು ಭೇದಿಸಿ ಹೊರಬಂದು ಬಿಳಿಯ ಬೀಜಕಣಗಳನ್ನು ಹರಡುತ್ತದೆ. ಇಂತಹ ಶಕ್ತಿಯನ್ನು ಪೈರಿನ ರಕ್ಷಣೆಗೆ ತಿರುಗಿಸಬಹುದೆಂದು 1879ರಲ್ಲಿ ಒಡೆಸ್ಸಾದಲ್ಲಿ ವಿಜ್ಞಾನಿ ಮೆಚ್ನಿಕಾಫನು, ಇದರ ಬಂಧುವಾದ ಹಸಿರು ಶಿಲೀಂಧ್ರವೊಂದನ್ನು ಗೋಧಿಯ ದುಂಬಿಯಲ್ಲಿ ಕಂಡು, ಸೂಚಿಸಿದನು.

ನಮ್ಮಲ್ಲಿ ಬ್ಯೂವೇರಿಯಾದ ಉಪಯೋಗವನ್ನು ಕಾಣಬೇಕಾದರೆ ಕಾಫಿ ತೋಟಕ್ಕೆ ಹೋಗಬೇಕು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ಕೊಡಗಿಗೂ ಹಬ್ಬಿದ ಕಾಯಿಕೊರಕವು ಎರಡು ಮಿಲಿಮೀಟರನ್ನೂ ಮೀರದ ಕರಿಯ ದುಂಬಿ. ತಾಯಿದುಂಬಿಯು ಕಾಯಿಯ ತುದಿಯಲ್ಲಿ ರಂಧ್ರ ಕೊರೆದು ಬೀಜದೊಳಗೆ ಮೊಟ್ಟೆಯಿಟ್ಟು, ಸಂತತಿಯೆಲ್ಲ ಅಲ್ಲಿಯೇ ಬೆಳೆಯುವುದರಿಂದ, ಒಳಹೊಕ್ಕ ಮೇಲೆ ಸಿಂಪಡಣೆ ಅದನ್ನು ಮುಟ್ಟುವುದು ಕಷ್ಟ. ಆದುದರಿಂದ ಬೆಳೆಗಾರನು ಈ ಶಿಲೀಂಧ್ರವನ್ನು ಸಿಂಪಡಿಸಲು, ದುಂಬಿಯು ಇನ್ನೂ ಕಾಯಿಯ ಮೇಲಿರುವ ಅಲ್ಪಕಾಲವನ್ನೇ ಹಿಡಿಯಬೇಕು; ಬಿಸಿಲಿನ ನೇರಳಾತೀತ ಕಿರಣಗಳು ಬೀಜಕಣಗಳನ್ನು ನಾಶಮಾಡುವುದರಿಂದ ಸಂಜೆಯನ್ನೇ ಆರಿಸಿಕೊಳ್ಳಬೇಕು; ಹಿಪ್ಪುನೇರಳೆ ತೋಟ ಸಮೀಪದಲ್ಲಿದ್ದರೆ ಇದರ ಗೊಡವೆಗೇ ಹೋಗಬಾರದು. ಎಲೆಯ ತುಕ್ಕುರೋಗಕ್ಕೆಂದು ಹೊಡೆಯುವ ಬೋರ್ಡೋ ದ್ರಾವಣದ ತಾಮ್ರಕ್ಕೆ ರೋಗಕಾರಕ ಶಿಲೀಂಧ್ರ ಯಾವುದು, ಉಪಕಾರಿ ಯಾವುದು ಎಂಬ ಭೇದ ತಿಳಿಯದಾದುದರಿಂದ, ದ್ರಾವಣವನ್ನೂ ಬ್ಯೂವೇರಿಯಾವನ್ನೂ ಒಂದೇ ಡ್ರಮ್ಮಿನಲ್ಲಿ ಬೆರೆಸದೆ, ನಡುವೆ ಸಾಕಷ್ಟು ದಿನಗಳ ಅಂತರವನ್ನಿಟ್ಟೇ ಸಿಂಪಡಿಸಬೇಕು.