ಗಾಜಿನ ಮುಚ್ಚಳದಡಿಯ ಚಳಿಗಾಲದ ತೋಟ

ತಳವಿಲ್ಲದ ಮರದ ಪೆಟ್ಟಿಗೆಯೊಂದನ್ನು ಮಣ್ಣಿನ ಮೇಲೆ ಕೂರಿಸಿ, ಗಾಜಿನ ಮುಚ್ಚಳ ಹೊದಿಸಿ, ಬೇರೆ ಯಾವ ಶಾಖವನ್ನೂ ಒದಗಿಸದೆ ಬರಿಯ ಬಿಸಿಲಿನ ಬಲದಿಂದ ತರಕಾರಿ ಬೆಳೆಯುವ ಏರ್ಪಾಟನ್ನು ಶೀತದೇಶಗಳ ತೋಟಗಾರರು ಕೋಲ್ಡ್ ಫ್ರೇಮ್ ಎನ್ನುತ್ತಾರೆ. ಹಿಂಬದಿಯ ಹಲಗೆ ಸುಮಾರು 30 ಸೆಂ.ಮೀ., ಮುಂಬದಿಯದು ಸುಮಾರು 20 ಸೆಂ.ಮೀ. ಎತ್ತರವಿದ್ದು, ಉತ್ತರ ಗೋಳಾರ್ಧದಲ್ಲಿ ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಾಗಿ ಸಾಗುವುದರಿಂದ ಮುಚ್ಚಳವನ್ನು ಆ ದಿಕ್ಕಿಗೇ ಇಳಿಜಾರಾಗಿಸಲಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದ ತರಕಾರಿ ಬೆಳೆಗಾರರು ಗಾಜಿನಡಿಯ ಬೇಸಾಯವನ್ನು ಬಹು ಎತ್ತರಕ್ಕೆ ಒಯ್ದಿದ್ದರು. ಊರಿನ ಕುದುರೆ ಲಾಯಗಳಿಂದ ಹೇರಳವಾಗಿ ಸಿಗುತ್ತಿದ್ದ ಲದ್ದಿಯನ್ನು ಪೆಟ್ಟಿಗೆಗಳ ಅಡಿಯಲ್ಲಿ ಹರಡಿ, ಅದು ಕೊಳೆಯುವಾಗ ಹುಟ್ಟುವ ಕಾವಿನಿಂದ ನಡುಚಳಿಗಾಲದಲ್ಲೂ ಸೊಪ್ಪು ಬೆಳೆದು ಮಾರುತ್ತಿದ್ದ ಅವರ ಕ್ರಮವನ್ನು ಮೊರೊ ಮತ್ತು ದವೆರ್ನ್ ಎಂಬ ಇಬ್ಬರು ಬೆಳೆಗಾರರು 1845ರಲ್ಲಿ ಕೈಪಿಡಿಯಾಗಿ ಬರೆದಿಟ್ಟರು. ಮೋಟಾರು ವಾಹನಗಳು ಬಂದು ಕುದುರೆಗಳು ಬೀದಿಯಿಂದ ಮರೆಯಾದಂತೆ ಆ ಪದ್ಧತಿಯೂ ಕ್ಷೀಣಿಸಿತು.

ಆ ಪರಂಪರೆಯಿಂದ ಸ್ಫೂರ್ತಿ ಪಡೆದು, ಲದ್ದಿಯ ಕಾವನ್ನೂ ಬಿಟ್ಟು, ವರ್ಷವಿಡೀ ಕೊಯ್ಲು ಸಾಧ್ಯವೆಂದು ತೋರಿಸಿದವರು ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಕೃಷಿಕ ಎಲಿಯಟ್ ಕೋಲ್ಮನ್. 1992ರಲ್ಲಿ ಪ್ರಕಟವಾದ ‘ಫೋರ್ ಸೀಸನ್ ಹಾರ್ವೆಸ್ಟ್’ ಎಂಬ ಅವರ ಪುಸ್ತಕದ ನಿಜವಾದ ಹಿರಿಮೆ ಪೆಟ್ಟಿಗೆಯ ವಿವರಣೆಗಿಂತ ಹೆಚ್ಚಾಗಿ ಕಾಲದ ಲೆಕ್ಕಾಚಾರದಲ್ಲಿದೆ. ಅವರ ತೋಟವಿರುವುದು ಸುಮಾರು 44 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ನವೆಂಬರ್ ಮೊದಲ ಭಾಗದಿಂದ ಫೆಬ್ರವರಿ ಮೊದಲ ಭಾಗದವರೆಗೆ ಹಗಲು 10 ಗಂಟೆಗಿಂತ ಕಿರಿದಾಗಿರುತ್ತದೆ, ಮತ್ತು ಅಷ್ಟು ಕಡಿಮೆ ಬೆಳಕಿನಲ್ಲಿ, ಗಾಜು ಹೊದಿಸಿದರೂ, ಗಿಡಗಳ ಬೆಳವಣಿಗೆ ಬಹುತೇಕ ನಿಂತುಹೋಗುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಈ ಪೆಟ್ಟಿಗೆ ಬೆಳೆಯುವ ಜಾಗವಲ್ಲ, ಬೆಳೆದದ್ದನ್ನು ಜೀವಂತವಾಗಿ ಕಾಪಿಡುವ ಉಗ್ರಾಣ. ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಬಿತ್ತಿ, ಹಗಲು ಕುಗ್ಗುವ ಮೊದಲೇ ಗಿಡ ಬಲಿಯುವಂತೆ ನೋಡಿಕೊಂಡವನಿಗಷ್ಟೇ ಜನವರಿಯ ಕೊಯ್ಲು ದಕ್ಕುತ್ತದೆ.

ಬೆಳೆಯ ಆಯ್ಕೆಯೂ ಅಷ್ಟೇ ಮುಖ್ಯ. ಟೊಮೆಟೊ, ಬದನೆಯಂಥವು ಹಿಮಕ್ಕೆ ಸಾಯುತ್ತವೆ. ಪಾಲಕ್, ಕೇಲ್ ಎಂಬ ಎಲೆಕೋಸಿನ ಬಳಗದ ಸೊಪ್ಪು, ಲೀಕ್ ಎಂಬ ಈರುಳ್ಳಿಯ ಬಳಗದ ಗಿಡ, ಕ್ಯಾರೆಟ್ ಮುಂತಾದವು ತಾಳಿಕೊಳ್ಳುತ್ತವೆ. ಚಳಿ ಏರಿದಂತೆ ಇಂಥ ಗಿಡಗಳು ತಮ್ಮ ಜೀವಕೋಶಗಳಲ್ಲಿ ಸಕ್ಕರೆಯನ್ನು ಹೆಚ್ಚಿಸಿಕೊಂಡು ಹೆಪ್ಪುಗಟ್ಟುವಿಕೆಯನ್ನು ಎದುರಿಸುತ್ತವೆ. ಚಳಿಗಾಲದ ಕ್ಯಾರೆಟ್ಟಿನ ವಿಶೇಷ ಸಿಹಿಗೆ ಕಾರಣ ಇದೇ. ಸೆಟೆದುಕೊಂಡ ಎಲೆ ಬೆಳಗಿನ ಬಿಸಿಲಿಗೆ ಕರಗಿ ಮೊದಲಿನಂತಾಗುವವರೆಗೆ ಅದನ್ನು ಮುಟ್ಟಬಾರದು, ಏಕೆಂದರೆ ಹೆಪ್ಪುಗಟ್ಟಿದಾಗ ಕೊಯ್ದ ಸೊಪ್ಪು ಕೂಡಲೇ ಬಾಡುತ್ತದೆ.

ವಿಚಿತ್ರವೆಂದರೆ ಇಲ್ಲಿ ಬೆಳೆ ಕೆಡುವುದು ಚಳಿಗಿಂತ ಹೆಚ್ಚಾಗಿ ಸೆಕೆಯಿಂದ. ಬಿಸಿಲೇರಿದ ದಿನ ಮುಚ್ಚಿದ ಪೆಟ್ಟಿಗೆಯೊಳಗೆ ಕಾವು ಬೇಗನೆ ಏರಿ ಸೊಪ್ಪು ಬೇಯತೊಡಗುವುದರಿಂದ, ಕಚ್ಚು ಕೊರೆದ ಕೋಲನ್ನು ಆನಿಸಿ ಮುಚ್ಚಳವನ್ನು ಬೇಕಾದಷ್ಟು ಎತ್ತಿಡಬೇಕು; ಮೇಣ ಹಿಗ್ಗುವ ಗುಣವನ್ನು ಬಳಸಿ ತಾನಾಗಿ ತೆರೆದುಕೊಳ್ಳುವ ಸಲಕರಣೆಗಳೂ ಇವೆ. ವಸಂತದಲ್ಲಿ ಅದೇ ಪೆಟ್ಟಿಗೆ ಸಸಿಮಡಿಯಾಗುತ್ತದೆ, ಬೇಸಿಗೆಯಲ್ಲಿ ಮುಚ್ಚಳ ತೆಗೆದರೆ ಮಾಮೂಲಿ ಪಾತಿ. ಹಳೆಯ ಕಿಟಕಿಯ ಬಾಗಿಲು, ನಾಲ್ಕು ಹಲಗೆ, ನೆರಳಿಲ್ಲದ ಒಂದಿಷ್ಟು ನೆಲ, ಇವಿಷ್ಟರಿಂದ ಇದನ್ನು ಕಟ್ಟಬಹುದಾದ್ದರಿಂದ, ಹಿಮ ಬೀಳುವ ನಾಡುಗಳಲ್ಲಿ ನೆಲೆಸಿರುವ ಕನ್ನಡಿಗರು ಬರುವ ಆಗಸ್ಟಿನಲ್ಲೇ ಪಾಲಕ್ ಬಿತ್ತಿ ಇದನ್ನು ಆರಂಭಿಸಬಹುದು.