ಇಲ್ಲದ್ದನ್ನು ಕಾಣುವ ಬಗೆ

ಕಳ್ಳತನ ನಡೆದ ಮನೆಗೆ ಬಂದ ಪೊಲೀಸರು ಮುರಿದ ಬೀಗ, ಚೆಲ್ಲಾಪಿಲ್ಲಿಯಾದ ಬಟ್ಟೆ, ಬೀರುವಿನ ಮೇಲಿನ ಬೆರಳಚ್ಚು ನೋಡುತ್ತಾರೆಂಬುದು ಎಲ್ಲರಿಗೂ ಗೊತ್ತು. ಇರುವುದನ್ನು ನೋಡಲು ಕಣ್ಣು ಸಾಕು. ಇರಬೇಕಾಗಿತ್ತು, ಈಗಿಲ್ಲ ಎಂಬುದನ್ನು ಹಿಡಿಯಲು ಮಾತ್ರ ಅಂಥ ಜಾಗದಲ್ಲಿ, ಅಂಥವರ ಬಳಿ ಸಾಮಾನ್ಯವಾಗಿ ಏನೇನಿರುತ್ತದೆ ಎಂಬ ಪಟ್ಟಿ ಮೊದಲೇ ತಲೆಯಲ್ಲಿರಬೇಕು. ನುರಿತ ತನಿಖಾಧಿಕಾರಿ ಆ ಪಟ್ಟಿಯನ್ನು ಹೇಗೆ ಬಳಸುತ್ತಾರೆ?

ಖಾಲಿ ಜಾಗದ ಗುರುತುಗಳು

ಮೊದಲ ನಿಯಮ: ಯಾವುದನ್ನೂ ಮುಟ್ಟುವುದಕ್ಕೆ ಮುಂಚೆ ಇಡೀ ಜಾಗದ ಫೋಟೊ, ವಿಡಿಯೊ ಆಗಬೇಕು. ಒಂದು ಕುರ್ಚಿ ಸರಿಸಿದರೂ ಅದರ ಕೆಳಗಿನ ಖಾಲಿ ಜಾಗಕ್ಕೆ ಅರ್ಥ ಉಳಿಯುವುದಿಲ್ಲ.

ವಸ್ತು ಹೋದರೂ ಅದು ಕೂತಿದ್ದ ಜಾಗ ಉಳಿಯುತ್ತದೆ. ಇತ್ತೀಚೆಗೆ ಕಳ್ಳರು ಸಿಸಿ ಕ್ಯಾಮೆರಾ ಇದ್ದ ಮನೆ, ಅಂಗಡಿಗಳಿಂದ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ಯುವುದುಂಟು. ಆಗ ಅಟ್ಟಣಿಗೆಯ ಮೇಲೆ ಸುತ್ತಲೂ ದೂಳು, ನಡುವೆ ಚೌಕಾಕಾರದಲ್ಲಿ ಚೊಕ್ಕವಾದ ಜಾಗ, ಪಕ್ಕದಲ್ಲಿ ಜೋತುಬಿದ್ದ ಕಪ್ಪು ವೈರುಗಳು ಕಾಣುತ್ತವೆ. ಗೋಡೆಯ ಮಾಸಿದ ಬಣ್ಣದ ನಡುವಿನ ತಿಳಿ ಚೌಕ, ರತ್ನಗಂಬಳಿಯಲ್ಲಿ ಮಂಚದ ಕಾಲು ಒತ್ತಿದ ಕುಳಿ ಇವೂ ಅದೇ ಜಾತಿಯವು. ರಕ್ತ ಚಿಮ್ಮಿದ ಗೋಡೆ ಅಥವಾ ನೆಲದಲ್ಲಿ ಒಂದು ಕಡೆ ಮಾತ್ರ ಕಲೆಯಿಲ್ಲದಿದ್ದರೆ, ಪೆಟ್ಟು ಬಿದ್ದ ಹೊತ್ತಿಗೆ ಅಲ್ಲೊಂದು ವಸ್ತುವೋ ಮನುಷ್ಯನೋ ಅಡ್ಡವಿದ್ದಿರಬೇಕು. ಆ ಖಾಲಿಯ ಆಕಾರವನ್ನು ವಿಧಿವಿಜ್ಞಾನದವರು ಅಳೆದುಕೊಳ್ಳುತ್ತಾರೆ. ಮುಂದೆ ಶಂಕಿತ ವಸ್ತು ಸಿಕ್ಕರೆ ಹೋಲಿಸಿ ನೋಡಬಹುದು.

ಜೋಡಿ ತಪ್ಪಿದ ವಸ್ತು

ಗುರುತೇ ಉಳಿಯದಿದ್ದಾಗ ಜೋಡಿ ಲೆಕ್ಕ ಹಾಕಬೇಕು. ಚಾರ್ಜರ್ ಇದೆ, ಫೋನಿಲ್ಲ. ಕನ್ನಡಕದ ಡಬ್ಬಿಯಿದೆ, ಕನ್ನಡಕವಿಲ್ಲ. ಹಾಸಿಗೆಯ ಮೇಲೆ ಎರಡು ದಿಂಬು, ಕವರು ಒಂದೇ. ಇನ್ನೊಂದರಲ್ಲಿ ಒಡವೆ ತುಂಬಿಕೊಂಡು ಹೋಗಿರಬಹುದು. ನೇಣು ಬಿಗಿದ ಸ್ಥಿತಿಯಲ್ಲಿ ಶವ ಸಿಕ್ಕಿ ಕಾಲು ನೆಲದಿಂದ ತೀರ ಮೇಲಿದ್ದರೆ, ಹತ್ತಿದ ಸ್ಟೂಲು ಎಲ್ಲಿ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ವಿಷ ಕುಡಿದಿದ್ದಾರೆ ಎನ್ನುವ ಕಡೆ ಬಾಟಲಿ, ಲೋಟ, ಪೊಟ್ಟಣ ಯಾವುದೂ ಇಲ್ಲದಿದ್ದರೆ ಅದೂ ಹಾಗೆಯೇ.

ಶವ ಮಹಜರಿನಲ್ಲಿ ಈ ಲೆಕ್ಕ ಮೈಮೇಲೆ ನಡೆಯುತ್ತದೆ. ವಾಚು ಕಟ್ಟುತ್ತಿದ್ದ ಮಣಿಕಟ್ಟಿನ ಬಿಳಿ ಪಟ್ಟೆ, ಉಂಗುರ ಕೂತಿದ್ದ ಬೆರಳಿನ ತಗ್ಗು, ಕಾಲುಂಗುರದ ಗುರುತು, ಹರಿದ ಕಿವಿಯ ಹಾಲೆ ಇವನ್ನೆಲ್ಲ ಬರೆದುಕೊಳ್ಳಬೇಕು. ಇದ್ದ ಒಡವೆಯಷ್ಟೇ ಕಾಣದ ಒಡವೆಯೂ ದಾಖಲಾಗಬೇಕು.

ಲೆಕ್ಕ ಕೂಡದಿದ್ದಾಗ

ಈ ಲೆಕ್ಕ ತಪ್ಪಿದರೆ ತೆರುವ ಬೆಲೆ ಏನೆಂದು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ದಕ್ಷಿಣ ಕನ್ನಡದಲ್ಲಿ ಶಿಕ್ಷಕನಾಗಿದ್ದ ಮೋಹನ್ ಕುಮಾರ್ 2003ರಿಂದ 2009ರವರೆಗೆ ಮದುವೆಯ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಪರವೂರಿಗೆ ಕರೆದೊಯ್ಯುತ್ತಿದ್ದ. ಒಡವೆಯನ್ನು ಲಾಡ್ಜಿನ ಕೋಣೆಯಲ್ಲೇ ಬಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಂತೆ ಮಾಡುವ ಮಾತ್ರೆಯೆಂದು ಸಯನೈಡ್ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ನುಂಗಲು ಹೇಳಿ, ತಾನು ಲಾಡ್ಜಿಗೆ ಮರಳಿ ಚಿನ್ನದೊಂದಿಗೆ ಪರಾರಿಯಾಗುತ್ತಿದ್ದ. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ, ಒಳಗೆ ಅಪರಿಚಿತ ಶವ. ಮೈಸೂರು, ಬೆಂಗಳೂರು ಸೇರಿ ಬೇರೆ ಬೇರೆ ಊರುಗಳಲ್ಲಿ ಇವು ಒಂದೊಂದಾಗಿ ಅಸ್ವಾಭಾವಿಕ ಸಾವು ಎಂದು ದಾಖಲಾಗಿ ತಣ್ಣಗಾದವು. ರೇಷ್ಮೆ ಸೀರೆಯುಟ್ಟ ಹೆಣ್ಣುಮಗಳ ಮೈಮೇಲೆ ಚಿನ್ನವೇಕಿಲ್ಲ ಎಂಬ ಪ್ರಶ್ನೆಯನ್ನು ಊರೂರಿನ ಕಡತಗಳ ನಡುವೆ ಕೂಡಿಸಿ ಕೇಳಿದವರಿರಲಿಲ್ಲ.

2009ರಲ್ಲಿ ಬಂಟ್ವಾಳ ಕಡೆಯ ಯುವತಿಯೊಬ್ಬಳು ಕಾಣೆಯಾದ ದೂರಿನ ಬೆನ್ನು ಹತ್ತಿದ ಪೊಲೀಸರಿಗೆ ದಾರಿ ತೋರಿಸಿದ್ದು ಫೋನ್ ಕರೆಗಳ ವಿವರ. ಅದರಲ್ಲಿ ಸಿಕ್ಕ ನಂಬರಿನ ಜಾಡು ಹಿಡಿದರೆ, ಅದು ಕಾಣೆಯಾಗಿದ್ದ ಇನ್ನೊಬ್ಬಳದು. ಹೋದ ಫೋನೇ ಅದನ್ನು ಒಯ್ದವನ ಜಾಡು ಹೇಳಿತು. 20 ಕೊಲೆಗಳು ಹೊರಬಂದವು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಅವನು ತಪ್ಪಿತಸ್ಥನೆಂದು ತೀರ್ಪಿತ್ತಿತು.

ಕಾಣದ್ದೆಲ್ಲ ಕಳವಲ್ಲ

ಇಲ್ಲದ ವಸ್ತುವಿಗೆ ಮೂರು ಕಾರಣಗಳಿರಬಹುದು: ಅಪರಾಧಿ ಒಯ್ದಿರಬಹುದು, ಬೇರೆಯವರು ತೆಗೆದಿರಬಹುದು, ಅಥವಾ ಅದು ಅಲ್ಲಿ ಇರಲೇ ಇಲ್ಲದಿರಬಹುದು. ಮರ್ಯಾದೆಗೆ ಅಂಜಿ ಮನೆಯವರೇ ಚೀಟಿಯನ್ನೋ ವಿಷದ ಬಾಟಲಿಯನ್ನೋ ಬಚ್ಚಿಡುವುದುಂಟು. ಆಂಬುಲೆನ್ಸಿನವರು ಅವಸರದಲ್ಲಿ ಬಟ್ಟೆ ಕತ್ತರಿಸಿ ಎಸೆದಿರುತ್ತಾರೆ. ಆದ್ದರಿಂದ ಪೊಲೀಸರಿಗಿಂತ ಮುಂಚೆ ಒಳಗೆ ಕಾಲಿಟ್ಟವರೆಲ್ಲರನ್ನೂ ವಿಚಾರಿಸುತ್ತಾರೆ.

ಕಳವಿನ ನಾಟಕವೂ ಇಲ್ಲಿಯೇ ಬಯಲಾಗುವುದು. ಮೇಜಿನ ಮೇಲಿನ ನಗದು, ಲ್ಯಾಪ್‌ಟಾಪ್ ಹಾಗೇ ಇದ್ದು, ಒಳಗೆಲ್ಲೋ ಅಡಗಿಸಿಟ್ಟ ಒಂದು ಪತ್ರ ಮಾತ್ರ ಹೋಗಿದ್ದರೆ, ಬಂದವನಿಗೆ ಮನೆಯ ಗುಟ್ಟು ಗೊತ್ತಿತ್ತು. ಒಡೆದ ಕಿಟಕಿಯ ಗಾಜಿನ ಚೂರು ಚೆಲ್ಲಿದ ಬಟ್ಟೆಗಳ ಮೇಲೆ ಬಿದ್ದಿದ್ದರೆ, ಬಟ್ಟೆ ಚೆಲ್ಲಿದ ಮೇಲೆ ಕಿಟಕಿ ಒಡೆದಿದ್ದಾರೆ.

ಕಾಗದಕ್ಕೆ ಇಳಿಸುವುದು

ಕಂಡದ್ದು ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಸ್ಥಳ ಮಹಜರಿನಲ್ಲಿ ಪಂಚರ ಸಹಿಯೊಂದಿಗೆ ಬರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕು. 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಕಲಂ 176(3) ಹೇಳುತ್ತದೆ.

ಕಳವು ಮಾಲು ಸ್ವಲ್ಪ ದಿನದಲ್ಲೇ ಒಬ್ಬನ ಬಳಿ ಸಿಕ್ಕಿ, ಅವನು ತಕ್ಕ ಕಾರಣ ಕೊಡದಿದ್ದರೆ, ಅವನೇ ಕಳ್ಳ ಅಥವಾ ಗೊತ್ತಿದ್ದೂ ಮಾಲು ಪಡೆದವನು ಎಂದು ನ್ಯಾಯಾಲಯ ಭಾವಿಸಬಹುದು. ಸಿಕ್ಕ ಸರ ನಿಮ್ಮದೇ ಎಂದು ತೋರಿಸಲು ಮೊದಲ ದಿನ ಪೊಲೀಸರಿಗೆ ಕೊಟ್ಟ ಕಳವಿನ ಪಟ್ಟಿಯೇ ಆಧಾರ.

ಮನೆಯವರು ಮಾಡಬೇಕಾದ್ದು

• ಕಳವು ಗೊತ್ತಾದ ಕೂಡಲೇ ಹೊರಗೆ ಬಂದು 112ಕ್ಕೆ ಕರೆ ಮಾಡಿ. ಬೀರು ಜೋಡಿಸಬೇಡಿ, ಕಸ ಗುಡಿಸಬೇಡಿ.
• ಒಡವೆಗಳ ಫೋಟೊ, ರಸೀದಿ ಈಗಲೇ ಒಂದೆಡೆ ಇಡಿ. ಬೆಸುಗೆ ಹಾಕಿದ ಕೊಂಡಿ, ಬಿದ್ದುಹೋದ ಹರಳು ಇಂಥ ವಿಶೇಷ ಗುರುತು ಬರೆದುಕೊಳ್ಳಿ. ಒಂದೇ ಮಾದರಿಯ ಸರ ನೂರು ಮನೆಯಲ್ಲಿರುತ್ತದೆ.
• ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದಿದ್ದರೆ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಕಳೆದ ಫೋನನ್ನು ಬ್ಲಾಕ್ ಮಾಡಿಸಬಹುದು.
• ಪಟ್ಟಿ ಕೊಡುವಾಗ ಹೋದದ್ದನ್ನಷ್ಟೇ ಹೇಳಿ. ಅಡವಿಟ್ಟ ಬಳೆಯನ್ನೂ ಸೇರಿಸಿದರೆ, ಎದುರು ವಕೀಲರು ಅದೊಂದನ್ನೇ ಹಿಡಿದು ಉಳಿದ ನಿಜವನ್ನೂ ಅಲುಗಾಡಿಸುತ್ತಾರೆ.