ಪೀಠ ಬಿಟ್ಟರೂ ಪದ ಬಿಡಲಿಲ್ಲ

ಸನ್ಯಾಸ ಎಂದರೆ ಹಿಂದಿರುಗಲಾರದ ದಾರಿ ಎಂದು ಕೇಳಿ ಬೆಳೆದವರು ನಾವು. ಹಾಗಾದರೆ ಆ ದಾರಿಯಲ್ಲಿ ನಡುವೆ ಇಳಿದವರನ್ನು ಏನೆಂದು ಕರೆಯುವುದು?

ಈ ಪ್ರಶ್ನೆಯನ್ನು ಮತ್ತೆ ಎಬ್ಬಿಸಿದ್ದು ಕಾಲೇಜಿಗೆ ಹೋಗುವ ನನ್ನ ಮಗಳು. ಭಾಂಡುಪ್‌ನಿಂದ ಲೋಕಲ್‌ನಲ್ಲಿ ಹೋಗಿಬರುವಾಗ ಅವಳು ಮೊಬೈಲಿನಲ್ಲಿ ನೋಡುವುದು 'ಸ್ಟಾರ್ ವಾರ್ಸ್'. 1977ರಲ್ಲಿ ಜಾರ್ಜ್ ಲ್ಯೂಕಾಸ್ ಸಿನಿಮಾದಿಂದ ಶುರುವಾದ ಈ ಕಥೆಯಲ್ಲಿ ಜೆಡೈ ಎಂಬ ಕತ್ತಿ ಹಿಡಿದ ಸನ್ಯಾಸಿಗಳಿದ್ದಾರೆ. ಹಸುಗೂಸುಗಳನ್ನೇ ಆರಿಸಿ ಮಂದಿರಕ್ಕೆ ಸೇರಿಸಿಕೊಳ್ಳುತ್ತಾರೆ. ಮದುವೆ, ಮೋಹ ಎರಡೂ ನಿಷಿದ್ಧ. ಅಲ್ಲಿನ ಶಿಷ್ಯೆ ಅಸೋಕಾ ಮೇಲೆ ಸುಳ್ಳು ಆರೋಪ ಬರುತ್ತದೆ, ಹಿರಿಯರು ಹೊರಹಾಕುತ್ತಾರೆ. ನಿಜವಾದ ಅಪರಾಧಿ ಸಿಕ್ಕಮೇಲೆ ವಾಪಸು ಬಾ ಎನ್ನುತ್ತಾರೆ. ಅವಳು ಒಲ್ಲೆನೆಂದು ಮೆಟ್ಟಿಲಿಳಿದು ಹೋಗುತ್ತಾಳೆ. 2013ರಲ್ಲಿ ಪ್ರಸಾರವಾದ ಕಂತು ಇದು.

"ನಮ್ಮಲ್ಲಿ ಹೀಗೆ ಯಾರಾದರೂ ಬಿಟ್ಟಿದ್ದಾರಾ ಅಪ್ಪಾ?" ಎಂದಳು. ನಾನು ಹೇಳಿದ್ದು ವಿದ್ಯಾಭೂಷಣರ ಹೆಸರು.

ಕುಕ್ಕೆ ಸುಬ್ರಹ್ಮಣ್ಯ ಮಠದ ಪೀಠಾಧಿಪತಿಯಾಗಿದ್ದ ಅವರು 1997ರಲ್ಲಿ ಪೀಠ ತ್ಯಜಿಸಿ ಗೃಹಸ್ಥರಾದರು. ಅದಕ್ಕೂ ಮೊದಲೇ ಅವರ ದಾಸರ ಪದಗಳು ಮನೆಮನೆ ತಲುಪಿದ್ದವು. ನಮ್ಮ ಭಾಂಡುಪ್ ಚಾಳಿನಲ್ಲೂ ಬೆಳಗಿನ ಕಾಫಿಯ ಜೊತೆ ಅವರದೇ ಕ್ಯಾಸೆಟ್. ಸುದ್ದಿ ಬಂದಾಗ ನೆರೆಯ ಹಿರಿಯರೊಬ್ಬರು, "ಇನ್ನು ಅದನ್ನೆಲ್ಲ ಹಾಕಬೇಡಿ" ಎಂದು ಅಮ್ಮನಿಗೆ ಹೇಳಿದರು. ಅಮ್ಮ ಜಗಳಕ್ಕೆ ಹೋಗಲಿಲ್ಲ. "ಪದ ಪುರಂದರದಾಸರದ್ದು, ಸ್ವರ ದೇವರು ಕೊಟ್ಟದ್ದು. ಇದರಲ್ಲಿ ಮಠದ್ದು ಯಾವುದು?" ಎಂದಷ್ಟೇ ಕೇಳಿ ಗುಂಡಿ ಒತ್ತಿದರು.

ಅಂದು ಅಮ್ಮನ ಮಾತು ಹಠದಂತೆ ಕಂಡಿತ್ತು. ಇಂದು ಅದರಲ್ಲಿ ವಿವೇಕ ಕಾಣುತ್ತದೆ. ಅಸೋಕಾಳ ಗುರು ಅನಾಕಿನ್‌ನನ್ನೇ ನೋಡಿ. ಗುಟ್ಟಾಗಿ ಮದುವೆಯಾಗಿ, ಜೆಡೈ ಉಡುಗೆಯಲ್ಲೇ ಉಳಿದ. ಹೆಂಡತಿಯನ್ನು ಕಳೆದುಕೊಳ್ಳುವ ಭಯವನ್ನು ಜೆಡೈ ಹಿರಿಯರಲ್ಲಿ ಬಿಚ್ಚಿ ಹೇಳಲಾರದೆ, 2005ರ ಚಿತ್ರದಲ್ಲಿ ಆ ಮಂದಿರವನ್ನೇ ನಾಶಮಾಡಿದ. ಎಲ್ಲರೆದುರು ಹೊರನಡೆದ ಅಸೋಕಾ ಮಾತ್ರ ಕಲಿತ ವಿದ್ಯೆಯನ್ನು ಕಡೆಯವರೆಗೂ ಜನರ ರಕ್ಷಣೆಗೇ ಬಳಸಿದಳು.

ಉಡುಪಿ ಅಷ್ಟಮಠಗಳಲ್ಲಿ ಬಾಲಸನ್ಯಾಸದ ಪರಂಪರೆ ಹಳೆಯದು. ಹುಡುಗನಾಗಿದ್ದಾಗ ಕೊಟ್ಟ ಮಾತನ್ನು ಬದುಕಿಡೀ ನಡೆಸಿಕೊಂಡು ಹೋಗುವವರ ತಪಸ್ಸು ದೊಡ್ಡದು, ಅದಕ್ಕೆ ಕೈಮುಗಿಯೋಣ. ಆದರೆ ಸಾಧ್ಯವಾಗದಾಗ ಹಗಲು ಬೆಳಕಿನಲ್ಲಿ ಎದ್ದುಬಂದವರಿಗೂ ಕೂರಲು ಒಂದು ಚಾಪೆ ಇರಬೇಕು. ಹೊರಗೆ ಜಾಗವೇ ಇಲ್ಲವೆಂದರೆ ಒಳಗಿರುವವರು ಮನಸ್ಸಿಲ್ಲದೆಯೇ ಉಳಿಯುತ್ತಾರೆ. ಅದರಿಂದ ಮಠಕ್ಕೂ ಒಳಿತಿಲ್ಲ, ಅವರಿಗೂ ಇಲ್ಲ.

ವಿದ್ಯಾಭೂಷಣರಿಗೆ ಆ ಚಾಪೆಯನ್ನು ಹಾಸಿದವರು ಕೇಳುಗರು. ಪೀಠ ಬಿಟ್ಟ ಮೇಲೂ ಅವರು ಹಾಡಿದರು, ಜನ ಬಂದು ಕೂತರು. ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯೇನಲ್ಲ. ಬಿಟ್ಟುಬಂದ ಮೇಲೂ ಏನನ್ನು ಉಳಿಸಿಕೊಂಡೆವು ಎಂಬುದರಿಂದಲೇ ಅಲ್ಲವೇ ನಮ್ಮನ್ನೂ ಊರವರು ಗುರುತಿಸುವುದು?